ಬಸುರಿನಲ್ಲಿ ಬಂದ ಮೊಡವೆಗೆ ಅಜೆಲಾಯಿಕ್ ಆಸಿಡ್ ಜೆಲ್: ಹತ್ತು ತಿಂಗಳ ಬಳಕೆಯ ನಂತರ

ಕಾಲೇಜಿನ ದಿನಗಳಲ್ಲೂ ಕಾಣದಷ್ಟು ಮೊಡವೆ ನನಗೆ ಬಂದದ್ದು ಬಸುರಿನ ಎರಡನೆಯ ತಿಂಗಳಲ್ಲಿ. ಗದ್ದದ ಕೆಳಗೆ, ದವಡೆಯ ಉದ್ದಕ್ಕೂ, ಮುಟ್ಟಿದರೆ ನೋಯುವ ಗಂಟುಗಳೆದ್ದಿದ್ದವು. ಆಗ ಮೇ ತಿಂಗಳು, ನಮ್ಮ ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಬಂದು ಬೀಳುವ ಕಾಲ. ಮಾವಿನಹಣ್ಣಿನ ಉಷ್ಣವೇ ಕಾರಣವೆಂದು ಅತ್ತೆಯವರು ಹಣ್ಣಿನ ಬುಟ್ಟಿಯನ್ನು ಅಟ್ಟದ ಮೇಲಿಟ್ಟರು. ಹದಿನೈದು ದಿನ ನಾನು ಹಣ್ಣು ಬಿಟ್ಟರೂ ಮೊಡವೆ ನನ್ನನ್ನು ಬಿಡಲಿಲ್ಲ. ಹಾರ್ಮೋನುಗಳು ಏರುವುದರಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ, ಹಣ್ಣಿನ ತಪ್ಪೇನಿಲ್ಲ ಎಂದು ಕೋಲಾರದ ಚರ್ಮವೈದ್ಯೆ ಹೇಳಿದ ಮೇಲೆಯೇ ಬುಟ್ಟಿ ಕೆಳಗಿಳಿಯಿತು.

ಅವರನ್ನು ಕಾಣುವ ಮೊದಲು ನಾನೊಂದು ತಪ್ಪು ಮಾಡಿದ್ದೆ. ಮೆಡಿಕಲ್ ಅಂಗಡಿಯೊಂದರಲ್ಲಿ ಮೊಡವೆಗೆ ಏನಾದರೂ ಕೊಡಿ ಎಂದಾಗ, ಚೀಟಿಯನ್ನೂ ಕೇಳದೆ, ಬಸುರಿಯೇ ಎಂದೂ ವಿಚಾರಿಸದೆ ಕೊಟ್ಟ ಕ್ರೀಮನ್ನು ಎರಡು ರಾತ್ರಿ ಹಚ್ಚಿಕೊಂಡೆ. ಮೂರನೆಯ ದಿನ ಪೆಟ್ಟಿಗೆಯ ಸಣ್ಣ ಅಕ್ಷರಗಳನ್ನು ಓದಿದರೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದು ಮೂರು ಹೆಸರುಗಳಿದ್ದವು. ಮೊದಲನೆಯದು ಚರ್ಮದ ಮೂಲಕ ಗಣನೀಯವಾಗಿ ರಕ್ತಕ್ಕಿಳಿಯುವಂಥದ್ದು, ಎರಡನೆಯದು ಗರ್ಭಿಣಿಯರು ದೂರವಿಡಬೇಕಾದ ರೆಟಿನಾಯ್ಡ್ ಗುಂಪಿನದು, ಮೂರನೆಯದು ಸ್ಟೀರಾಯ್ಡ್. ಎರಡು ರಾತ್ರಿಗೆ ಹೆದರಬೇಕಾಗಿಲ್ಲ, ಆದರೆ ಇಂದೇ ಎಸೆಯಿರಿ ಎಂದ ವೈದ್ಯೆ ಶೇಕಡ 10ರ ಅಜೆಲಾಯಿಕ್ ಆಸಿಡ್ ಜೆಲ್ ಬರೆದುಕೊಟ್ಟರು. ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿ ಸಹಜವಾಗಿಯೇ ಇರುವ ಈ ಆಮ್ಲವು ಮೈಗೆ ಇಳಿಯುವುದು ಅತ್ಯಲ್ಪ. ಹಾಗಾಗಿ ಗರ್ಭಿಣಿಯರಿಗೆ ವೈದ್ಯರು ಒಪ್ಪುವ ಕೆಲವೇ ಮೊಡವೆ ಔಷಧಿಗಳಲ್ಲಿ ಇದೂ ಒಂದು.

ರಾತ್ರಿ ಮುಖ ತೊಳೆದು, ಒರೆಸಿ, ಬಟಾಣಿ ಕಾಳಿನಷ್ಟು ಜೆಲ್ಲನ್ನು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಮೊದಲ ವಾರ ಹಚ್ಚಿದ ಹತ್ತು ನಿಮಿಷ ಕೆನ್ನೆಯ ಮೇಲೆ ಇರುವೆ ಹರಿದಂತೆ ಚುಚ್ಚುತ್ತಿತ್ತು. ಒದ್ದೆ ಮುಖಕ್ಕೆ ಹಚ್ಚಿದ ದಿನವಂತೂ ಕಣ್ಣಲ್ಲಿ ನೀರು ಬಂತು. ಮೊದಲು ಮಾಯಿಶ್ಚರೈಸರ್, ಆಮೇಲೆ ಜೆಲ್ ಎಂದು ಕ್ರಮ ಬದಲಿಸಿದ ಮೇಲೆ ಉರಿ ಅರ್ಧಕ್ಕಿಳಿಯಿತು. ಮೊದಲ ತಿಂಗಳು ಏನೂ ಬದಲಾಗಲಿಲ್ಲ, ಬಹುಶಃ ಬಹಳ ಜನ ಕೈಬಿಡುವುದು ಇಲ್ಲಿಯೇ. ಎಂಟನೆಯ ವಾರದ ಹೊತ್ತಿಗೆ ಹೊಸ ಗಂಟುಗಳು ನಿಂತವು, ಐದನೆಯ ತಿಂಗಳು ಮುಗಿಯುವಷ್ಟರಲ್ಲಿ ಹಳೆಯ ಕಪ್ಪು ಕಲೆಗಳೂ ತಿಳಿಯಾದವು. ಹೆಚ್ಚು ನೋಯುತ್ತಿದ್ದ ಒಂದೆರಡು ಗಂಟಿಗೆ ಮಾತ್ರ ಶೇಕಡ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಇಡಲು ವೈದ್ಯೆಯೇ ಹೇಳಿದ್ದರು. ಅದು ಮೊಡವೆಯನ್ನು ಒಣಗಿಸಿತು, ಜೊತೆಗೆ ತವರಿನಿಂದ ತಂದ ನೀಲಿ ದಿಂಬಿನ ಹೊದಿಕೆಯ ಬಣ್ಣವನ್ನೂ ತಿಂದು ಬಿಳಿಯ ಮಚ್ಚೆಗಳನ್ನು ಉಳಿಸಿತು. ಸೀಮಂತದ ದಿನ ಮುತ್ತೈದೆಯರು ಕೆನ್ನೆಗೆ ಅರಿಶಿನ ಹಚ್ಚಿದಾಗ ಉರಿ ತಾಳಲಾರದೆ ಎದ್ದುಹೋಗಿ ಮುಖ ತೊಳೆದದ್ದೂ ಉಂಟು. ಅಂಥ ಸಮಾರಂಭವಿದ್ದರೆ ಹಿಂದಿನ ಎರಡು ರಾತ್ರಿ ಜೆಲ್ ಬಿಡುವುದು ಲೇಸು.

ನನಗೆ ನಿರಾಶೆಯಾದದ್ದು ಬಂಗಿನ ವಿಷಯದಲ್ಲಿ. ಆರನೆಯ ತಿಂಗಳಲ್ಲಿ ಎರಡೂ ಕೆನ್ನೆಯೆಲುಬಿನ ಮೇಲೆ ಕಂದು ಬಂಗು ಹರಡಿತು. ಬಣ್ಣ ತಯಾರಿಸುವ ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಓದಿ ಆಸೆಪಟ್ಟಿದ್ದೆ. ಆದರೆ ಪ್ರತಿದಿನ ಸ್ಕೂಟರಿನಲ್ಲಿ ಶಾಲೆಗೆ ಹೋಗಿ, ಸಂಜೆ ನಾಲ್ಕರ ಬಿಸಿಲನ್ನು ಎದುರಿಟ್ಟುಕೊಂಡೇ ಮನೆಗೆ ಬರುವವಳಿಗೆ ರಾತ್ರಿಯ ಜೆಲ್ ಒಂದೇ ಸಾಲದು. ಝಿಂಕ್ ಆಕ್ಸೈಡ್ ಇರುವ, ಐರನ್ ಆಕ್ಸೈಡಿನ ಬಣ್ಣ ಬೆರೆತ ಸನ್‌ಸ್ಕ್ರೀನನ್ನು ಹಚ್ಚಿ, ಮೇಲೆ ಹತ್ತಿಯ ದುಪಟ್ಟ ಸುತ್ತಿಕೊಳ್ಳತೊಡಗಿದ ಮೇಲೆ ಬಂಗು ಹೆಚ್ಚಾಗಲಿಲ್ಲ, ಅಷ್ಟೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಬಂಗು ಆ ಬೆಳಕಿಗೂ ಕಪ್ಪಾಗುತ್ತದೆ. ಹೆರಿಗೆಯಾಗಿ ಮೂರು ತಿಂಗಳಾದರೂ ಅರ್ಧದಷ್ಟು ಹಾಗೆಯೇ ಇದೆ.

ಹೊಟ್ಟೆಯ ಮೇಲಿನ ಕಪ್ಪು ಗೆರೆಗೆ ಏನನ್ನೂ ಹಚ್ಚಬೇಕಾಗಿಲ್ಲ. ಬಿರುಕು ಗೆರೆಗಳಿಗೆಂದು ದುಬಾರಿ ಎಣ್ಣೆ ಕೊಂಡದ್ದು ದಂಡ. ಎಂಟನೆಯ ತಿಂಗಳಲ್ಲಿ ಗುಳ್ಳೆಯೇ ಇಲ್ಲದೆ ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಸಿದಾಗ ನಾನು ಜೆಲ್ಲಿನ ಮೇಲೆ ಅನುಮಾನಪಟ್ಟೆ. ಹೆರಿಗೆ ವೈದ್ಯೆ ತಾಯಿ ಕಾರ್ಡನ್ನು ಪಕ್ಕಕ್ಕಿಟ್ಟು ತಕ್ಷಣ ಯಕೃತ್ತಿನ ಮತ್ತು ಪಿತ್ತರಸದ ರಕ್ತಪರೀಕ್ಷೆ ಬರೆದರು. ನನ್ನದು ಸರಿಯಾಗಿಯೇ ಬಂತು, ಆದರೆ ಇಂಥ ತುರಿಕೆಯನ್ನು ಚರ್ಮದ ತೊಂದರೆಯೆಂದು ಮನೆಯಲ್ಲಿ ಕುಳಿತು ಸಹಿಸಬಾರದು, ಮಗುವಿಗೆ ಅಪಾಯ ತರುವ ಪಿತ್ತಸ್ತಂಭನದ, ಅಂದರೆ ಯಕೃತ್ತಿನಿಂದ ಪಿತ್ತರಸ ಸರಿಯಾಗಿ ಹರಿಯದ ಸ್ಥಿತಿಯ ಲಕ್ಷಣವೂ ಆಗಿರಬಹುದು.

ಟ್ಯೂಬಿನ ಬಗ್ಗೆ ಒಂದು ದೂರು: 15 ಗ್ರಾಮಿನ ಲೋಹದ ಟ್ಯೂಬ್ ಅರ್ಧ ಖಾಲಿಯಾಗುತ್ತಲೇ ಮಡಿಕೆಯಲ್ಲಿ ಸೀಳಿ ಜೆಲ್ ಸೋರುತ್ತದೆ. ಎರಡು ಸಲ ಹೀಗಾಯಿತು. ಮೊಡವೆಗಾದರೆ ಐದಕ್ಕೆ ನಾಲ್ಕು ಅಂಕ, ಬಂಗಿಗೆಂದೇ ಕೊಳ್ಳುವುದಾದರೆ ಎರಡು. ಹಾಲೂಡಿಸುವಾಗಲೂ ಬಳಸಬಹುದೆಂದು ವೈದ್ಯೆ ಹೇಳಿರುವುದರಿಂದ ನಿಲ್ಲಿಸಿಲ್ಲ. ಮಗಳು ನನ್ನ ಕೆನ್ನೆಗೆ ಕೆನ್ನೆ ಒತ್ತುವ ಕಾರಣ ಅವಳು ನಿದ್ದೆ ಹೋದ ಮೇಲೆ ಹಚ್ಚಿ, ಬೆಳಿಗ್ಗೆ ಎತ್ತಿಕೊಳ್ಳುವ ಮೊದಲು ಮುಖ ತೊಳೆಯುತ್ತೇನೆ. ಏಳನೆಯ ಟ್ಯೂಬ್ ಅರ್ಧಕ್ಕೆ ಬಂದಿದೆ.