‘ಮನಿ ಹೈಸ್ಟ್’ ಕೊನೆಯ ಕಂತು: ಹಿತ್ತಾಳೆ ಕೊಟ್ಟು ಪಡೆದ ಬಿಡುಗಡೆ

ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಕಥೆಯ ಗುಟ್ಟೆಲ್ಲ ಇದೆ.

ಊರುಗಳ ಹೆಸರನ್ನೇ ಅಡ್ಡಹೆಸರಾಗಿಸಿಕೊಂಡ ಕಳ್ಳರ ಗ್ಯಾಂಗಿನ ಕಥೆ ಹೇಳುವ ಸ್ಪೇನಿನ ಈ ಸರಣಿಯ ಕೊನೆಯ ಐದು ಕಂತುಗಳು ನೆಟ್‌ಫ್ಲಿಕ್ಸ್‌ಗೆ ಬಂದದ್ದು 2021ರ ಡಿಸೆಂಬರ್ 3ರಂದು. ಬ್ಯಾಂಕ್ ಆಫ್ ಸ್ಪೇನಿನ 90 ಟನ್ ಚಿನ್ನ ಕರಗಿ, ಕಾಳುಗಳಾಗಿ, ಪೈಪಿನೊಳಗೆ ಹೊರಹರಿಯುತ್ತದೆ. ಅದನ್ನು ಗ್ಯಾಂಗಿನಲ್ಲಿದ್ದು ತೀರಿಹೋದ ಬರ್ಲಿನ್‌ನ ಮಗ ರಫಾಯೆಲ್ ಮತ್ತು ಬರ್ಲಿನ್‌ನ ಹಿಂದಿನ ಹೆಂಡತಿ ಟಟಿಯಾನಾ ಹಾರಿಸಿಕೊಂಡು ಹೋಗುತ್ತಾರೆ. ಆಗ ಗ್ಯಾಂಗಿನ ನಾಯಕ ಪ್ರೊಫೆಸರ್ ಬರಿಗೈಯಲ್ಲಿ ಬ್ಯಾಂಕಿನೊಳಗೆ ನಡೆದು ಬರುತ್ತಾನೆ. ಟೋಕಿಯೋ ಗ್ರೆನೇಡಿನ ಪಿನ್ ಕಿತ್ತು ಪ್ರಾಣ ಕೊಟ್ಟದ್ದಕ್ಕಿಂತಲೂ ಈ ದೃಶ್ಯ ನನ್ನನ್ನು ಹೆಚ್ಚು ಅಲುಗಿಸಿತು. ಇಷ್ಟು ಕಾಲ ದೂರ ಕೂತು ಎಲ್ಲರನ್ನೂ ನಡೆಸಿದವನು ಅವರ ಪಕ್ಕದಲ್ಲೇ ನಿಂತು ಸಾವನ್ನು ಹಂಚಿಕೊಳ್ಳಲು ಒಪ್ಪುತ್ತಾನಲ್ಲ, ಪ್ರೀತಿ ಎಲ್ಲಿ ಮುಗಿದು ತ್ಯಾಗ ಎಲ್ಲಿ ಶುರುವಾಯಿತು ಎಂದು ಹೇಳಲಾಗದು.

ಬಿಡುಗಡೆಯ ಲೆಕ್ಕಾಚಾರವಂತೂ ಸೊಗಸಾಗಿದೆ. ಚಿನ್ನ ಹೋಯಿತೆಂಬ ಸುದ್ದಿಗೆ ಶೇರುಪೇಟೆ ಕುಸಿಯುತ್ತದೆ. ಲಾರಿಗಳಲ್ಲಿ ಗಟ್ಟಿಗಳು ಮರಳಿದ್ದೇ ತಡ, ಚೇತರಿಸಿಕೊಳ್ಳುತ್ತದೆ. ಆ ಗಟ್ಟಿಗಳು ಚಿನ್ನದ ಲೇಪವಿರುವ ಹಿತ್ತಾಳೆ! ಕಳ್ಳರನ್ನು ಹಿಡಿಯಲು ನಿಂತ ಪೊಲೀಸ್ ಮುಖ್ಯಸ್ಥ ಕರ್ನಲ್ ತಮಾಯೋ ಬಾಯಿಬಿಟ್ಟರೆ ದೇಶ ಮುಳುಗುತ್ತದೆ, ಸುಮ್ಮನಿದ್ದರೆ ಕಳ್ಳರು ಗೆಲ್ಲುತ್ತಾರೆ. ಹಾಗಾಗಿ ಗ್ಯಾಂಗು ಲೋಕದ ಕಣ್ಣಿಗೆ ಸತ್ತು, ಶವದ ಚೀಲಗಳಲ್ಲಿ ಹೊರಬಂದು, ಹೊಸ ಪಾಸ್‌ಪೋರ್ಟ್ ಪಡೆಯುತ್ತದೆ. ಸ್ವಾತಂತ್ರ್ಯಕ್ಕೆ ಅವರು ತೆತ್ತದ್ದು ತಮ್ಮ ಹೆಸರನ್ನು. (ಯೂರೋ ಚಿನ್ನಕ್ಕೆ ಕಟ್ಟಿಹಾಕಿದ ನಾಣ್ಯವಲ್ಲ, ಅಷ್ಟು ಬೇಗ ದೇಶ ದಿವಾಳಿಯಾಗುವುದು ಕಥೆಗಾರರ ಸ್ವಾತಂತ್ರ್ಯ.)

ಎಡವಿದ್ದು ರಫಾಯೆಲ್ ವಿಷಯದಲ್ಲಿ. ಪ್ರೊಫೆಸರ್ ಕಳಿಸಿದ ಒಂದು ಚೀಟಿ ಓದಿ ಅಷ್ಟೂ ಚಿನ್ನ ಬಿಟ್ಟುಕೊಡುತ್ತಾನೆ. ತಂದೆಯ ಮೇಲಿನ ಅವನ ಸಿಟ್ಟು ಕರಗುವುದಕ್ಕೆ ಇನ್ನೊಂದು ಗಟ್ಟಿ ದೃಶ್ಯ ಬೇಕಿತ್ತು. ಡೆನ್ವರ್, ಸ್ಟಾಕ್‌ಹೋಮ್, ಮನಿಲಾ ಪ್ರೇಮತ್ರಿಕೋನವೂ ಅವಸರದಲ್ಲೇ ಮುಗಿಯುತ್ತದೆ. ಅದಕ್ಕೆ ಹೋಲಿಸಿದರೆ ಮಾಜಿ ಪೊಲೀಸ್ ಇನ್‌ಸ್ಪೆಕ್ಟರ್ ಅಲಿಸಿಯಾ ಸಿಯೆರ್ರಾಳ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ಬಂದಿದೆ: ರಿಯೋನನ್ನು ಹಿಂಸಿಸಿದವಳು, ಸ್ವಂತ ಇಲಾಖೆಯೇ ಕೈಬಿಟ್ಟವಳು, ಹಸುಗೂಸಿನೊಂದಿಗೆ ಪ್ರೊಫೆಸರ್ ಜೊತೆ ಸೇರಿ ಚಿನ್ನದ ಜಾಡು ಹಿಡಿಯುತ್ತಾಳೆ. ಕೊನೆಯಲ್ಲಿ ಹೆಲಿಕಾಪ್ಟರಿನಲ್ಲಿ ಅವಳಿಗೂ ಜಾಗ ಸಿಗುವುದು ನ್ಯಾಯವೆನಿಸುತ್ತದೆ.

ನೋಡುವವರು ಐದನೇ ಭಾಗದ ಮೊದಲ ಸಂಪುಟದ ಕೊನೆಯ ಕಂತನ್ನು ಮತ್ತೊಮ್ಮೆ ನೋಡಿಯೇ ಶುರುಮಾಡಿ. ಟೋಕಿಯೋಳ ಸಾವು ತಾಜಾ ಇದ್ದರೆ ಅವಳನ್ನು ಪ್ರೀತಿಸಿದ್ದ ರಿಯೋನ ಮೌನ ಅರ್ಥವಾಗುತ್ತದೆ. ಬರ್ಲಿನ್‌ನ ಹಳೆಯ ದಿನಗಳ ದೃಶ್ಯಗಳು ನಿಧಾನವೆಂದು ಓಡಿಸಬೇಡಿ, ಕಳ್ಳತನದ ಮೇಲಿನ ಕಳ್ಳತನದ ಬೇರು ಅಲ್ಲೇ ಇದೆ. ಡಬ್ಬಿಂಗ್ ಬದಲು ಸ್ಪ್ಯಾನಿಷ್ ಧ್ವನಿಯನ್ನೇ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ: ತಮಾಯೋ ಮತ್ತು ಪ್ರೊಫೆಸರ್ ಎದುರುಬದುರಾಗುವಾಗ ಪ್ರೊಫೆಸರ್ ಪಾತ್ರದ ಆಲ್ವಾರೊ ಮೋರ್ತೆ ದನಿ ಏರಿಸದೆ ಆಡುವ ಮಾತಿನಲ್ಲೇ ಅರ್ಧ ಅಭಿನಯವಿದೆ.