ಒಂಬತ್ತರಿಂದ ಏಳಕ್ಕೆ: ಹಿನ್ನೀರಿನಲ್ಲಿ ಎರಡು ವರ್ಷ ಓಡಿಸಿದ ಔಟ್‌ಬೋರ್ಡ್ ಮೋಟಾರು

ದೋಣಿಯ ಹಿಂಬದಿ ಹಲಗೆಗೆ ಕಚ್ಚಿಸಿ ಓಡಿಸುವ ಈ ಮೋಟಾರನ್ನು ಕೊಂಡ ಮೊದಲ ತಿಂಗಳಲ್ಲೇ ವಿಮರ್ಶೆ ಬರೆದಿದ್ದರೆ ಐದರಲ್ಲಿ ಒಂದು ಅಂಕ ಕೊಡಲೂ ಮನಸ್ಸು ಬರುತ್ತಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಐದಕ್ಕೆ ಐದು ಕೊಡುತ್ತಿದ್ದೇನೆ. ಮೋಟಾರು ಅದೇ, ದೋಣಿಯೂ ಅದೇ. ನಡುವೆ ಆದದ್ದು ಎರಡೇ ಕೆಲಸ: ದೋಣಿಯ ಹಿಂಬದಿ ಹಲಗೆಯನ್ನು ಎರಡು ಇಂಚು ಕೆತ್ತಿಸಿದೆ, ನೀರಿನಲ್ಲಿ ತಿರುಗಿ ದೋಣಿ ತಳ್ಳುವ ರೆಕ್ಕೆಯನ್ನು, ಅಂದರೆ ಪ್ರೊಪೆಲ್ಲರನ್ನು, ಬದಲಿಸಿದೆ.

ನಮ್ಮ ಊರು ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರೆಗೆ ಹಮ್ಮಿಗಿಯಲ್ಲಿ ಕಟ್ಟಿದ ಸಿಂಗಟಾಲೂರು ಬ್ಯಾರೇಜಿನ ಹಿನ್ನೀರಿನ ದಂಡೆಯಲ್ಲಿದೆ. ಹೊಳೆ ಹೊಳೆಯಾಗಿಯೇ ಇದ್ದಾಗ ಕಾಕಾ ಹರಿಗೋಲಿನಲ್ಲಿ ಹೋಗಿ ಬಲೆ ಬಿಟ್ಟು ಬರುತ್ತಿದ್ದರು. ನೀರು ಹರಡಿದ ಮೇಲೆ ಹೋಗಿ ಬರುವ ದೂರ ಹೆಚ್ಚಿತು, ಹುಟ್ಟು ಹಾಕಿ ಹಾಕಿ ಅವರ ಭುಜ ಸೋತಿತು. ಹದಿನಾರು ಅಡಿಯ ಫೈಬರ್ ದೋಣಿ ಮಾಡಿಸಿ, ಸಾಲ ತೆಗೆದು, 9.9 ಅಶ್ವಶಕ್ತಿಯ ನಾಲ್ಕು ಸ್ಟ್ರೋಕಿನ ಮೋಟಾರು ತಂದೆವು. ಎರಡು ಲಕ್ಷಕ್ಕೂ ಮೇಲೆ ಹೋಯಿತು. ಕಂಪನಿಯ ಹೆಸರು ಬರೆಯುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ನಾನು ಹೇಳುವುದು ಈ ಅಳತೆಯ ಯಾವ ಮೋಟಾರಿಗಾದರೂ ಸಲ್ಲುತ್ತದೆ.

ನನ್ನ ಸಿಟ್ಟು ಮಾರಿದವರ ಮೇಲೆ. ದೋಣಿಯಲ್ಲಿ ಎಷ್ಟು ಜನ ಕೂರುತ್ತೀರಿ, ಎಷ್ಟು ಭಾರ ಹೇರುತ್ತೀರಿ, ಹಿಂಬದಿ ಹಲಗೆ ಎಷ್ಟು ಎತ್ತರವಿದೆ ಎಂದು ಒಂದು ಮಾತನ್ನೂ ಕೇಳಲಿಲ್ಲ. ಪೆಟ್ಟಿಗೆಯಲ್ಲಿ ಬಂದ 9 ಇಂಚು ಪಿಚ್ಚಿನ (ಪಿಚ್ ಎಂದರೇನೆಂದು ಮುಂದೆ ಹೇಳುತ್ತೇನೆ) ಪ್ರೊಪೆಲ್ಲರನ್ನೇ ಹಾಕಿ, "ಇದು ಎಲ್ಲಾ ದೋಣಿಗೂ ಹೊಂದುತ್ತದೆ" ಎಂದು ಕಳುಹಿಸಿಬಿಟ್ಟರು. ಬೆವರು ಸುರಿಸಿ ದುಡಿದ ಹಣ ಕೊಟ್ಟವನಿಗೆ ಮೂರು ಪ್ರಶ್ನೆ ಕೇಳುವಷ್ಟಾದರೂ ತಾಳ್ಮೆ ಇರಬೇಕಿತ್ತು.

ಮೊದಲ ದಿನ ನಾಲ್ಕು ಜನ, ಬಲೆಯ ಮೂಟೆಗಳು, ಐಸ್ ಪೆಟ್ಟಿಗೆ ಎಲ್ಲ ಸೇರಿ ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್ ಭಾರವಾಗಿತ್ತು. ಕಿವಿ, ಅಂದರೆ ವೇಗ ಏರಿಸುವ ಹಿಡಿ, ಪೂರ್ತಿ ತಿರುವಿದರೂ ಮೋಟಾರು ಏದುಸಿರು ಬಿಡುತ್ತಿತ್ತೇ ಹೊರತು ದೋಣಿ ಓಡಲಿಲ್ಲ. ತಿರುವಿನಲ್ಲಂತೂ ಇದ್ದಕ್ಕಿದ್ದಂತೆ ಕಿರುಚಿ, ಪ್ರೊಪೆಲ್ಲರು ನೀರು ಬಿಟ್ಟು ಗಾಳಿಯನ್ನು ಸುತ್ತುತ್ತಿತ್ತು. ಕಾಕಾ ಏನೂ ಅನ್ನಲಿಲ್ಲ. ಮರುದಿನ ಹರಿಗೋಲನ್ನು ಹೊರಗೆಳೆದು ಅದಕ್ಕೆ ಡಾಂಬರು ಹಚ್ಚುತ್ತ ಕುಳಿತರು. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಕಿರುಚುವುದರ ಕಾರಣ ಮೊದಲು ಸಿಕ್ಕಿತು. ಈ ಮೋಟಾರುಗಳ ಕಾಲು, ಅಂದರೆ ನೀರಿಗೆ ಇಳಿಯುವ ಭಾಗ, ಹೆಚ್ಚಾಗಿ ಎರಡು ಅಳತೆಯಲ್ಲಿ ಬರುತ್ತದೆ: ಗಿಡ್ಡ ಕಾಲಿನದಕ್ಕೆ ಹಲಗೆ ಸುಮಾರು 15 ಇಂಚು ಎತ್ತರ ಇರಬೇಕು, ಉದ್ದ ಕಾಲಿನದಕ್ಕೆ 20. ನಮ್ಮದು ಗಿಡ್ಡ ಕಾಲು, ಹಲಗೆ 17 ಇಂಚು. ಪ್ರೊಪೆಲ್ಲರಿನ ಮೇಲೆ ಅಡ್ಡಲಾಗಿ ಒಂದು ಚಪ್ಪಟೆ ಪಟ್ಟಿ ಇರುತ್ತದಲ್ಲ, ಅದು ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದು ಇಂಚಿನೊಳಗೆ ಕೆಳಗೆ ಇರಬೇಕು. ನಮ್ಮಲ್ಲಿ ಎರಡು ಇಂಚು ಮೇಲಿತ್ತು. ಮೋಟಾರು ಕಚ್ಚುವಷ್ಟು ಅಗಲಕ್ಕೆ ಹಲಗೆಯನ್ನು ಎರಡು ಇಂಚು ಕೆತ್ತಿಸಿ, ಒಳಗಿನ ಪ್ಲೈವುಡ್ ನೀರು ಕುಡಿಯದಂತೆ ಕತ್ತರಿಸಿದ ಅಂಚಿಗೆ ಫೈಬರಿನ ಬಟ್ಟೆ ಮತ್ತು ರಾಳ ಹಚ್ಚಿಸಿದೆ. ತಿರುವಿನ ಕಿರುಚಾಟ ಅಂದೇ ನಿಂತಿತು. ಹಲಗೆ ತಗ್ಗಾದ ಮೇಲೆ ವೇಗವನ್ನು ಒಮ್ಮೆಲೇ ಇಳಿಸಬಾರದು ಎಂಬುದೊಂದನ್ನು ಕಲಿಯಬೇಕಾಯಿತು. ಹಾಗೆ ಇಳಿಸಿದರೆ ಹಿಂದೆ ಬರುತ್ತಿದ್ದ ನಮ್ಮದೇ ಅಲೆ ಹಲಗೆಯ ಮೇಲಿಂದ ದೋಣಿಯೊಳಗೆ ಬರುತ್ತದೆ.

ಏದುಸಿರು ಮಾತ್ರ ಹಾಗೆಯೇ ಉಳಿಯಿತು. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ, ಸ್ಪಾರ್ಕ್ ಪ್ಲಗ್ಗಿನ ತಂತಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ತರಿಸಿದೆ. ಮೋಟಾರಿನ ಪುಸ್ತಕದಲ್ಲಿ ಪೂರ್ತಿ ಕಿವಿ ತಿರುವಿದಾಗ 5000ದಿಂದ 6000 ಸುತ್ತು ಬರಬೇಕು ಎಂದಿದೆ. ನಾಲ್ಕು ಜನ ಕೂತಾಗ ನಮ್ಮದು 4400ರಲ್ಲಿ ನಿಂತುಬಿಟ್ಟಿತು. ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ, ಬೆಣ್ಣೆಯಲ್ಲಿ ತಿರುಪಿನ ಮೊಳೆ ಇಳಿದಂತೆ, ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ನೀರು ಜಾರುವುದರಿಂದ ಅಷ್ಟು ದೂರ ಎಂದೂ ಹೋಗುವುದಿಲ್ಲ. ಭಾರ ಹೇರಿದ ದೋಣಿಗೆ ದೊಡ್ಡ ಪಿಚ್ ಹಾಕುವುದೆಂದರೆ ಜೋಳದ ಚೀಲ ತುಂಬಿದ ಟ್ರ್ಯಾಕ್ಟರನ್ನು ಏರಿನಲ್ಲಿ ಮೇಲಿನ ಗೇರಿಗೆ ಹಾಕಿದಂತೆ. ಹಾಗೆಯೇ ಎಳೆಸುತ್ತಿದ್ದರೆ ಒಳಗೆ ಮಸಿ ಕಟ್ಟುತ್ತದೆ, ಬೇರಿಂಗು ಸವೆಯುತ್ತದೆ.

ನಮ್ಮ ಸೀಮೆಗೆ ಇನ್ನೊಂದು ಕಾರಣವೂ ಇದೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟವೇ ಸಮುದ್ರಮಟ್ಟದಿಂದ 1633 ಅಡಿ, ನಾವು ಅದಕ್ಕೂ ಮೇಲ್ಬದಿಯಲ್ಲಿದ್ದೇವೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಎಂಜಿನ್ನಿನ ಬಲ ಹೆಚ್ಚುಕಡಿಮೆ ಶೇ. 3ರಷ್ಟು ಕುಗ್ಗುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಇನ್ನೂ ಒಂದಿಷ್ಟು ಹೋಗುತ್ತದೆ. ಕಡಲ ದಂಡೆಯಲ್ಲಿ ಹೊಂದುವ ಪ್ರೊಪೆಲ್ಲರ್ ಅದೇ ದೋಣಿಗೆ ಇಲ್ಲಿ ಹೊಂದಲೇಬೇಕು ಎಂದೇನಿಲ್ಲ.

ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ. ಅದು ದೊಡ್ಡ ಮೋಟಾರಿನ ಲೆಕ್ಕ. ಇಪ್ಪತ್ತು ಇಂಚಿನಲ್ಲಿ ಒಂದು ಇಂಚು ಕಳೆಯುವುದಕ್ಕೂ ಒಂಬತ್ತರಲ್ಲಿ ಒಂದು ಕಳೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ನಾನು ಏಳು ಸಾವಿರದ ಆಸುಪಾಸು ಕೊಟ್ಟು 7 ಇಂಚಿನದನ್ನು ತರಿಸಿದೆ. ಅದೇ ನಾಲ್ಕು ಜನ, ಅದೇ ಮೂಟೆ, ಮೀಟರಿನಲ್ಲಿ 5300. ಮೊಬೈಲಿನಲ್ಲಿ ನೋಡಿದ ವೇಗ ಗಂಟೆಗೆ 10 ಕಿಲೋಮೀಟರಿನಿಂದ 12ಕ್ಕೆ ಏರಿತು. ಸದ್ದೇ ಬೇರೆಯಾಯಿತು, ಗಂಟಲು ಕಟ್ಟಿದವನು ಕೆಮ್ಮಿ ಸರಿಮಾಡಿಕೊಂಡು ಹಾಡಿದ ಹಾಗೆ.

ನಾನು ನಿರೀಕ್ಷಿಸದೇ ಇದ್ದ ಸುಖ ಮಾತ್ರ ನಿಧಾನದಲ್ಲಿ ಸಿಕ್ಕಿತು. ಒಂಬತ್ತರದು ಇದ್ದಾಗ ಗೇರು ಹಾಕಿ ಕಿವಿ ಪೂರ್ತಿ ಇಳಿಸಿದರೂ ದೋಣಿ ಬಲೆ ಬಿಡುವ ಕೈಗಿಂತ ಜೋರಾಗಿ ಹೋಗುತ್ತಿತ್ತು. ಮತ್ತೆ ಮತ್ತೆ ನ್ಯೂಟ್ರಲ್‌ಗೆ ತರಬೇಕಿತ್ತು, ಬಲೆ ಗಂಟು ಬೀಳುತ್ತಿತ್ತು. ಏಳರದು ಹಾಕಿದ ಮೇಲೆ ದೋಣಿ ನಡಿಗೆಯ ವೇಗಕ್ಕೆ ಬಂದು ನಿಂತಿತು. ಸಂಜೆ ಕಾಕಾ ಮುಂದಿನ ಮೂಲೆಯಲ್ಲಿ ಕೂತು, ಬಲೆಯ ಮೇಲಿನ ಹಗ್ಗವನ್ನು ಎಡಗೈಯ ಹೆಬ್ಬೆರಳ ಮೇಲಿಂದ ಜಾರಿಸುತ್ತ, ಬಲಗೈಯಲ್ಲಿ ತೇಲುಬುರುಡೆಗಳನ್ನು ಒಂದೊಂದಾಗಿ ನೀರಿಗೆ ಇಡುತ್ತಾರೆ. ಎಸೆಯುವುದಿಲ್ಲ, ಇಡುತ್ತಾರೆ. ಅವರು ತಲೆ ಎತ್ತಿ ನನ್ನನ್ನು ನೋಡುವುದೇ ಇಲ್ಲ, ಏಕೆಂದರೆ ನೋಡಬೇಕಾದ ಅಗತ್ಯವೇ ಬೀಳುವುದಿಲ್ಲ. ಕಟ್ಲಾ ಬಿತ್ತೋ ರೋಹು ಬಿತ್ತೋ ಎನ್ನುವುದು ಬೆಳಗಿನ ಮಾತು. ಆ ಅರ್ಧ ಗಂಟೆಗಾಗಿಯೇ ನಾನು ಈ ಮೋಟಾರನ್ನು ಇನ್ನೊಮ್ಮೆ ಕೊಂಡೇನು.

ದಂಡೆಗೆ ಬಂದ ಮೇಲಿನ ಕೆಲಸ ನನ್ನದು. ಮೊದಲು ಕಿತ್ತರೆ ಮೋಟಾರು ನಿಲ್ಲುವ ಕೆಂಪು ಸುರುಳಿ ಹುರಿಯ ಕೀಲಿಯನ್ನು ಕಿತ್ತು ಜೇಬಿಗೆ ಹಾಕುತ್ತೇನೆ, ಪ್ಲಗ್ಗಿನ ಕ್ಯಾಪನ್ನೂ ತೆಗೆಯುತ್ತೇನೆ. ಅದಾಗುವವರೆಗೆ ಪ್ರೊಪೆಲ್ಲರಿಗೆ ಕೈ ಹಾಕುವುದಿಲ್ಲ. ಆಮೇಲೆ ಮೋಟಾರು ಎತ್ತಿ, ಸ್ಪ್ಲಿಟ್ ಪಿನ್ನಿನ ಕಾಲುಗಳನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿ ಎಳೆದು, ನಟ್ಟು ಬಿಚ್ಚಿ ಪ್ರೊಪೆಲ್ಲರ್ ಹೊರತೆಗೆಯುತ್ತೇನೆ. ಅದರ ಹಿಂದೆ ದಂಡದ ಸುತ್ತ ನೈಲಾನ್ ನೂಲು ಸೇರಿಕೊಂಡಿರುತ್ತದೆ, ಕೂದಲಿನಷ್ಟು ತೆಳುವಾಗಿ, ಒದ್ದೆಯಾಗಿ ಕಣ್ಣಿಗೆ ಕಾಣದಂತೆ. ಉಗುರಿನಿಂದ ಅದರ ತುದಿ ಹುಡುಕಿ ಬಿಚ್ಚುತ್ತೇನೆ. ದಂಡಕ್ಕೆ ಗ್ರೀಸು ಸವರಿ, ವಾಷರನ್ನು ಮೊದಲಿದ್ದ ಮುಖಕ್ಕೇ ಕೂರಿಸಿ, ಹೊಸ ಪಿನ್ನು ಹಾಕುತ್ತೇನೆ.

ಮೊದಲ ವರ್ಷ ಇದನ್ನು ವಾರಕ್ಕೊಮ್ಮೆ ಮಾಡುತ್ತಿದ್ದೆ. ಮಳೆಗಾಲದಲ್ಲಿ ಗೇರ್ ಆಯಿಲ್ ತೆಗೆದಾಗ ಹಾಲು ಬೆರೆಸಿದ ಚಹಾದಂತೆ ಹೊರಬಂತು. ದಂಡದ ಸುತ್ತ ನೀರು ತಡೆಯುವ ಸೀಲನ್ನು ನೂಲು ಕೊಯ್ದು ಒಳಗೆ ನೀರು ಹೋಗಿತ್ತು. ಹಳೆಯ ಸೀಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗಿ, ಬೇರಿಂಗ್ ಅಂಗಡಿಯಲ್ಲಿ ಅದರ ಮೇಲಿನ ಅಂಕಿ ತೋರಿಸಿ ಹೊಸದನ್ನು ತಂದೆ. ಬಲೆ ಹಾಕುವವರು ಪ್ರತಿದಿನ ಬಿಚ್ಚಿ ನೋಡಲೇಬೇಕು, ಬೇರೆ ದಾರಿಯಿಲ್ಲ.

ಏಳರದರಲ್ಲಿ ಕೊರತೆಯೂ ಇದೆ. ನಾನೊಬ್ಬನೇ ಖಾಲಿ ದೋಣಿಯಲ್ಲಿ ಹೋದರೆ ಮೊದಲು ಗಂಟೆಗೆ 23 ಕಿಲೋಮೀಟರ್ ಬರುತ್ತಿತ್ತು, ಈಗ 20 ಬರುತ್ತದೆ. ಮೀಟರು 5900ಕ್ಕೆ ಏರುತ್ತದೆ, ಆರು ಸಾವಿರದ ಗೆರೆಗೆ ತೀರ ಹತ್ತಿರ. ಹಾಗಾಗಿ ಒಬ್ಬನೇ ಇದ್ದಾಗ ಕಿವಿ ಪೂರ್ತಿ ತಿರುವುವುದಿಲ್ಲ. ಸ್ಟೀಲಿನ ಪ್ರೊಪೆಲ್ಲರ್ ಏಕೆ ಹಾಕಿಸಲಿಲ್ಲ ಎಂದು ಕೆಲವರು ಕೇಳುತ್ತಾರೆ. ನೀರು ಇಳಿದಾಗ ಹಿನ್ನೀರಿನ ತುಂಬ ಜಾಲಿಯ ಬುಡಗಳು ಮೇಲೇಳುತ್ತವೆ. ಅಲ್ಯುಮಿನಿಯಂ ಆದರೆ ರೆಕ್ಕೆ ಬಾಗಿ ಪೆಟ್ಟು ಅಲ್ಲಿಗೇ ತೀರುತ್ತದೆ, ಸ್ಟೀಲು ಬಾಗದೆ ಪೆಟ್ಟನ್ನು ಒಳಗಿನ ಗೇರಿಗೆ ದಾಟಿಸೀತು ಎಂಬ ಭಯ ನನಗೆ. ಎರಡನೆಯ ಏಳರದೊಂದನ್ನು ಕೊಂಡು, ಪಿನ್ನು, ನಟ್ಟು, ಪಾನಾ ಸಮೇತ ಹಳೆಯ ಬುತ್ತಿ ಚೀಲದಲ್ಲಿ ಹಾಕಿ ದೋಣಿಯಲ್ಲೇ ಇಟ್ಟಿದ್ದೇನೆ.

ಹಾವೇರಿ ಕಡೆ ವರದಾ ನದಿಯಲ್ಲಿ ದೋಣಿ ಇಟ್ಟಿರುವ ನಮ್ಮ ಮಾವನ ಮಗ ಹೋದ ತಿಂಗಳು ಇದೇ ಮೋಟಾರು ಕೊಂಡ. "ಅಣ್ಣಾ, ನಾನೂ ಏಳರದನ್ನೇ ತರಿಸಲೇ?" ಎಂದು ಫೋನ್ ಮಾಡಿದ. ಮೊದಲು ಹಲಗೆ ಅಳೆದು, ಮಾಮೂಲಿ ಭಾರ ಹೇರಿ, ಮೀಟರು ನೋಡಿ ಹೇಳು ಎಂದೆ. ಹಲಗೆ ಸರಿಯಾಗಿ 15 ಇಂಚು, ದೋಣಿ ಹನ್ನೆರಡು ಅಡಿ, ಕೂರುವವರು ಇಬ್ಬರೇ. ಅವನಿಗೆ ಹಾಕಿಕೊಟ್ಟಿದ್ದು 8 ಇಂಚಿನದು, ಸುತ್ತು ಆರು ಸಾವಿರ ದಾಟುತ್ತಿದೆ. ನಮ್ಮ ಮನೆಯ ಅಟ್ಟದ ಮೇಲಿದ್ದ ಒಂಬತ್ತರದನ್ನು ಗೋಣಿಯಲ್ಲಿ ಸುತ್ತಿ ಮೊನ್ನೆ ಬಸ್ಸಿನಲ್ಲಿ ಕಳುಹಿಸಿದೆ. ನಿನ್ನೆ ರಾತ್ರಿ ಅವನಿಂದ ಮೀಟರಿನ ಫೋಟೊ ಬಂತು: 5600.