ಆರು ಮರಳು ಚೀಲ, ನಾಲ್ಕು ಆಷಾಢ

ಆಷಾಢದಲ್ಲಿ ಮದುವೆಗಳಿಲ್ಲ. ಆ ತಿಂಗಳು ನಮ್ಮಂಥವರ ಕ್ಯಾಮೆರಾ ಛತ್ರದಿಂದ ಹೊರಬಿದ್ದು ಸಾಕ್ಷ್ಯಚಿತ್ರ, ಜಾಹೀರಾತು ಎಂದು ಬೆಟ್ಟ ಬಯಲು ಸುತ್ತುತ್ತದೆ. ಗಾಳಿ ಬೀಸುವುದೂ ಆಗಲೇ. ನಾಲ್ಕು ವರ್ಷದ ಹಿಂದೆ ಚಿತ್ರದುರ್ಗದ ಹೊರವಲಯದ ಗುಡ್ಡವೊಂದರಲ್ಲಿ ರೈತರೊಬ್ಬರನ್ನು ಮಾತನಾಡಿಸುತ್ತಿದ್ದೆವು. ಸುತ್ತ ಗಾಳಿಯಂತ್ರಗಳು ತಿರುಗುತ್ತಿದ್ದವು. ಅದನ್ನು ನೋಡಿಯಾದರೂ ಬುದ್ಧಿ ಬರಬೇಕಿತ್ತು. ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುಗೊಳಿಸಲು ಲೈಟಿಗೆ ತೊಡಿಸುವ ಬಟ್ಟೆಯ ಗೂಡು) ಹೊತ್ತ ಸ್ಟ್ಯಾಂಡ್ ಮೊದಲು ಒಂದು ಕಾಲನ್ನು ನಾಲ್ಕು ಬೆರಳಿನಷ್ಟು ಎತ್ತಿತು, ಮತ್ತೆ ಇಳಿಸಿತು. ಎರಡನೆಯ ಸಲ ಎತ್ತಿದ್ದು ಇಳಿಯಲಿಲ್ಲ. ಬುಡಕ್ಕೆ ಆನಿಸಿದ್ದ ಎರಡು ಇಟ್ಟಿಗೆಗಳು ಇದ್ದಲ್ಲೇ ಇದ್ದವು, ಲೈಟು ಮಾತ್ರ ಬಂಡೆಯ ಮೇಲೆ ಚೂರಾಗಿತ್ತು.

ಮರುವಾರವೇ ಆನ್‌ಲೈನಿನಲ್ಲಿ ಆರು ಖಾಲಿ ಚೀಲಗಳನ್ನು ತರಿಸಿದೆ. ಎರಡು ಜೋಳಿಗೆಗಳನ್ನು ನಡುವೆ ಪಟ್ಟಿ ಕೊಟ್ಟು ಸೇರಿಸಿದಂಥವು. ಕತ್ತೆಯ ಬೆನ್ನಿಗೆ ಹೇರು ಹಾಕುವಂತೆ ಸ್ಟ್ಯಾಂಡಿನ ಕಾಲಿನ ಮೇಲೆ ಎರಡೂ ಬದಿಗೆ ಇಳಿಬಿಡಬೇಕು. ತುಂಬಿದ ಚೀಲಗಳೂ ಸಿಗುತ್ತವೆ, ಆದರೆ ಮರಳಿಗೆ ಕೊರಿಯರ್ ಬಾಡಿಗೆ ಕೊಡುವ ಮನಸ್ಸು ನನಗಿರಲಿಲ್ಲ. ಖಾಲಿ ಚೀಲದ ಇನ್ನೊಂದು ಲಾಭ ವಿಮಾನ ಪ್ರಯಾಣದಲ್ಲಿ ತಿಳಿಯುತ್ತದೆ: ಮಡಚಿ ಬಟ್ಟೆಯ ಜೊತೆ ಇಟ್ಟುಕೊಂಡು, ಇಳಿದ ಊರಿನಲ್ಲಿ ಮಣ್ಣೋ ಜಲ್ಲಿಯೋ ತುಂಬಿಕೊಂಡರಾಯಿತು.

ಏನು ತುಂಬಬೇಕು ಎಂಬುದರಲ್ಲಿ ನಾನು ಎರಡು ಸಲ ಎಡವಿದೆ. ಮೊದಲು ಮನೆಯ ಹತ್ತಿರದ ಕಟ್ಟಡದ ಕೆಲಸದಿಂದ ಎಂ-ಸ್ಯಾಂಡ್ ತಂದೆ. ಅದರಲ್ಲಿರುವ ಕಲ್ಲಿನ ಪುಡಿ ಜಿಪ್ಪಿನ ಹಲ್ಲುಗಳ ನಡುವೆ ಸೋರಿ, ಛತ್ರದ ಗ್ರಾನೈಟ್ ನೆಲದ ಮೇಲೆ ನಾವು ಓಡಾಡಿದ ದಾರಿಯನ್ನೆಲ್ಲ ಬೂದು ಗೆರೆಯಲ್ಲಿ ಬರೆದಿಟ್ಟಿತು. ಆಮೇಲೆ ಮಲ್ಪೆಯಲ್ಲಿ ಚಿತ್ರೀಕರಣವಿದ್ದಾಗ ಕಡಲ ಮರಳನ್ನೇ ತುಂಬಿದೆ. ಉಪ್ಪು ತೇವವನ್ನು ಎಳೆಯುತ್ತದೆ ಎಂಬುದು ಮಳೆಗಾಲ ಮುಗಿಯುವಷ್ಟರಲ್ಲಿ ಸ್ಟ್ಯಾಂಡಿನ ಕಾಲಿನ ಮೇಲೆ ತುಕ್ಕಿನ ಚುಕ್ಕೆಗಳಾಗಿ ಕಂಡಿತು. ಎರಡು ಚೀಲಗಳ ಜಿಪ್ ಎಳೆಯುವ ಕೊಂಡಿ ಕಚ್ಚಿಕೊಂಡು ಕೂತಿತು. ನೀರು ತುಂಬುವ ಬೇರೆ ಚೀಲಗಳನ್ನೂ ನೋಡಿದೆ. ಒಣ ಮರಳು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗಿದರೆ ನೀರು ತೂಗುವುದು ಒಂದೇ ಕಿಲೋ. ಅಷ್ಟೇ ತೂಕಕ್ಕೆ ಚೀಲ ದೊಡ್ಡದಾಗುತ್ತದೆ, ಮೇಲಾಗಿ ವಿದ್ಯುತ್ ತಂತಿಗಳ ಪಕ್ಕದಲ್ಲಿ ಸೋರುವ ನೀರನ್ನು ಇಡಲು ನನಗೆ ಧೈರ್ಯವಿಲ್ಲ. ಉಕ್ಕಿನ ಗುಂಡುಗಳು ಲೀಟರಿಗೆ ನಾಲ್ಕು ಕಿಲೋ ದಾಟುತ್ತವೆ, ಚೀಲ ಚಿಕ್ಕದಾಗಿ ಅಚ್ಚುಕಟ್ಟಾಗಿರುತ್ತದೆ, ಬೆಲೆ ಮಾತ್ರ ನನ್ನ ಕೈಗೆಟುಕುವಂಥದ್ದಲ್ಲ.

ಈಗ ಮೂರು ವರ್ಷದಿಂದ ಚೀಲಗಳಲ್ಲಿರುವುದು ತೊಳೆದು ಬಿಸಿಲಿಗೆ ಹರವಿ ಒಣಗಿಸಿದ ಬೇಬಿ ಜಲ್ಲಿ, ಅಂದರೆ ತೀರಾ ಸಣ್ಣ ಜಲ್ಲಿಕಲ್ಲು. ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಬಾಯಿ ಕಟ್ಟಿ, ಆಮೇಲೆ ಒಳಗಿಡುತ್ತೇನೆ. ಕಂಠಪೂರ್ತಿ ತುಂಬುವುದಿಲ್ಲ. ಮೂರರಲ್ಲಿ ಎರಡು ಪಾಲು ತುಂಬಿದ ಚೀಲ ಕಾಲನ್ನು ಅಪ್ಪಿಕೊಂಡು ಕೂರುತ್ತದೆ. ಬಿಗಿಯಾಗಿ ತುಂಬಿದ್ದು ದಿಂಬಿನಂತೆ ಜಾರುತ್ತದೆ.

ತೂಕ ಚೀಲಕ್ಕೆ 7 ಕಿಲೋ. ಇದೇ ನನ್ನ ಮುಖ್ಯ ಮಾತು. ಮೊದಲ ವರ್ಷ 12 ಕಿಲೋ ತುಂಬಿದ್ದೆ. ಬೆಟ್ಟದ ಬುಡದಲ್ಲಿ ವ್ಯಾನ್ ನಿಂತ ಕೂಡಲೇ ಸಹಾಯಕ ಹುಡುಗ, "ಸರ್, ಇವತ್ತು ಗಾಳಿ ಅಷ್ಟಿಲ್ಲ, ಇವು ಕೆಳಗೇ ಇರಲಿ" ಎನ್ನುತ್ತಿದ್ದ. ನಾನೂ ಹೂಂ ಎನ್ನುತ್ತಿದ್ದೆ. ವ್ಯಾನಿನಲ್ಲಿ ಉಳಿದ 12 ಕಿಲೋಗಿಂತ ಸ್ಟ್ಯಾಂಡಿನ ಮೇಲೆ ಕೂತ 7 ಕಿಲೋ ಭಾರ. ಈಗ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಅವನು ಗೊಣಗದೆ ಹತ್ತುತ್ತಾನೆ.

ಎಲ್ಲಿ ಹಾಕುತ್ತೀರಿ ಎಂಬುದೂ ತೂಕದಷ್ಟೇ ಮುಖ್ಯ. ಲೈಟು, ಹಾಳೆಗಳನ್ನು ಹಿಡಿದು ನಿಲ್ಲುವ ಲೋಹದ ಸಿ-ಸ್ಟ್ಯಾಂಡಿನ ಮೂರು ಕಾಲುಗಳಲ್ಲಿ ಎತ್ತರದ್ದು ಒಂದಿರುತ್ತದೆ. ಚೀಲ ಅದರ ಮೇಲೆ, ನೆಲಕ್ಕೆ ತಾಗದೆ ತೂಗಬೇಕು. ತಾಗಿದರೆ ಭಾರವನ್ನು ಹೊರುವುದು ಭೂಮಿ, ಸ್ಟ್ಯಾಂಡಲ್ಲ. ಅಡ್ಡ ತೋಳನ್ನು ಚಾಚುವುದಾದರೆ ಅದೂ ಅದೇ ಕಾಲಿನ ದಿಕ್ಕಿಗೇ ಇರಬೇಕು. ಟ್ರೈಪಾಡಿನ ನಡುವಿನ ಕೊಕ್ಕೆಯ ಲೆಕ್ಕ ಉಲ್ಟಾ. ಅಲ್ಲಿ ತೂಗುವ ಚೀಲ ಗಾಳಿಗೆ ಗಡಿಯಾರದ ಲೋಲಕದಂತೆ ಆಡಿ ಕ್ಯಾಮೆರಾವನ್ನೇ ಅಲುಗಿಸುತ್ತದೆ. ಅದರ ತಳ ನೆಲವನ್ನು ಸ್ವಲ್ಪ ಸವರುವಂತೆ ಇಳಿಸಿ ಕಟ್ಟಬೇಕು.

ಇಷ್ಟಾದರೂ ಚೀಲದ ಮೇಲೆ ಪೂರ್ತಿ ಭರವಸೆ ಬೇಡ. 4 ಅಡಿ ಉದ್ದ, 4 ಅಡಿ ಅಗಲದ, ಬೆಳಕನ್ನು ಮುಖದತ್ತ ತಿರುಗಿಸಲು ಸ್ಟ್ಯಾಂಡಿಗೆ ಸಿಕ್ಕಿಸುವ ಥರ್ಮೋಕೋಲ್ ಹಾಳೆಗೆ ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು ಎರಡೂವರೆ ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಅದು ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ಬುಡದಲ್ಲಿ ಹದಿನೈದು ಇಪ್ಪತ್ತು ಕಿಲೋ ಬೇಕು. ಗಾಳಿಯ ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಅಷ್ಟು ಚೀಲಗಳನ್ನು ಯಾರು ಹೊತ್ತಾರು? ಅಂಥ ದಿನ ಹಗ್ಗ ಬಿಗಿಯುತ್ತೇನೆ, ಇಲ್ಲವೇ ಹಾಳೆಯನ್ನು ಇಳಿಸಿ ಮನುಷ್ಯರ ಕೈಗೆ ಕೊಡುತ್ತೇನೆ.

ಚೀಲದ ಬಟ್ಟೆಯ ಬಗ್ಗೆ ದೂರಿಲ್ಲ. ಬಿಸಿಲಿಗೆ ಬಣ್ಣ ಮಾಸಿದೆ, ಎಲ್ಲಿಯೂ ಹರಿದಿಲ್ಲ. ಸೋತದ್ದು ಹಿಡಿಕೆ. ಒಂದೇ ಸಾಲು ಹೊಲಿಗೆಯಲ್ಲಿ ಸಿಕ್ಕಿಸಿದ್ದರು. ಎರಡನೆಯ ವರ್ಷ ಮೆಟ್ಟಿಲ ಮೇಲೆ ಒಂದು ಕಿತ್ತು ಬಂದು, ಚೀಲ ಹುಡುಗನ ಕಾಲಿನ ಪಕ್ಕದಲ್ಲೇ ಬಿತ್ತು. ಮಾರಿದವರಿಗೆ ಚಿತ್ರ ಕಳಿಸಿದರೆ ಅವಧಿ ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಕೊನೆಗೆ ಲಾರಿಗಳ ಟಾರ್ಪಾಲ್ ಹೊಲಿಯುವವರ ಹತ್ತಿರ ಆರೂ ಚೀಲಗಳ ಹಿಡಿಕೆಗೆ ಚೌಕ ಹೊಲಿಗೆ ಹಾಕಿಸಿ, ನಡುವೆ ಅಡ್ಡಗೀಟು ಹೊಡೆಸಿದೆ. ಕಪ್ಪು ಚೀಲಗಳು ರಾತ್ರಿ ಯಾರಿಗೂ ಕಾಣದೆ ಎಡವುತ್ತಾರೆಂದು ಒಂದೊಂದು ಕಿತ್ತಳೆ ಪಟ್ಟಿಯನ್ನೂ ಸೇರಿಸಿದರು. ಇನ್ನೆರಡು ಚೀಲ ಬೇಕಾಗಿವೆ, ಆನ್‌ಲೈನಿನಲ್ಲಿ ಹುಡುಕುತ್ತಿಲ್ಲ. ಅಳತೆಗೆಂದು ಹಳೆಯದೊಂದನ್ನು ಅವರ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ.